ಯಾರಿಗಾಗಿ ಈ ಉತ್ತರ?

ಮಕ್ಕಳೇ, ಕಳೆದ ಯುವಜನ ಕೂಟದಲ್ಲಿ ನಿಮ್ಮಲ್ಲೊಬ್ಬ ಒಂದು ಪ್ರಶ್ನೆ ಎತ್ತಿದ. ಹೊತ್ತು ಮೀರಿತ್ತೆಂದು ಅದನ್ನು ಮುಂದಕ್ಕೆ ಹಾಕಿ ಪ್ರಾರ್ಥನೆ ಮಾಡಿ ಎದ್ದುಬಿಟ್ಟೆವು. ಅಷ್ಟಕ್ಕೇ ಬಿಡಲು ನನಗೆ ಮನಸ್ಸಿಲ್ಲ. ಜ್ಞಾನೋಕ್ತಿಗಳ ಪುಸ್ತಕದ 26ನೇ ಅಧ್ಯಾಯ ತೆಗೆದರೆ, ಮೂಢನಿಗೆ ಅವನದೇ ಧಾಟಿಯಲ್ಲಿ ಉತ್ತರ ಕೊಡಲು ಹೋಗಬಾರದು ಎಂಬ ಬುದ್ಧಿಮಾತು 4ನೇ ವಚನದಲ್ಲಿದೆ. ಅದರ ಕೆಳಗೇ ಇರುವ 5ನೇ ವಚನ ಕೊಡಲೇಬೇಕು ಅನ್ನುತ್ತದೆ. ಕಾಲೇಜಿನ ಗೆಳೆಯನೊಬ್ಬ ಇವೆರಡನ್ನೂ ಮೊಬೈಲಿನಲ್ಲಿ ತೋರಿಸಿ, ‘ನಿಮ್ಮ ಗ್ರಂಥ ಒಂದು ಸಾಲಿನಲ್ಲಿ ಹೇಳಿದ್ದನ್ನು ಮುಂದಿನ ಸಾಲಿನಲ್ಲೇ ಅಳಿಸುತ್ತದಲ್ಲ’ ಎಂದನಂತೆ. ಅದನ್ನು ಹೇಳುವಾಗ ನಮ್ಮ ಹುಡುಗನ ಮುಖ ಬಾಡಿತ್ತು. ಇಂಥದನ್ನು ಒಳಗೇ ಇಟ್ಟುಕೊಂಡು ಕೊರಗುವುದಕ್ಕಿಂತ ಎಲ್ಲರೆದುರು ಕೇಳಿದ್ದು ಒಳ್ಳೆಯದೇ ಆಯಿತು.

ಈ ಪ್ರಶ್ನೆ ಇಂದು ನಿನ್ನೆಯದಲ್ಲ. ನಂಬಿಕೆಯಿಲ್ಲದವರು ಕೆದಕಿ ತೆಗೆದದ್ದೂ ಅಲ್ಲ. ಜ್ಞಾನೋಕ್ತಿಗಳ ಪುಸ್ತಕವನ್ನು ಬಳಕೆಯಿಂದ ತೆಗೆದಿಡಬೇಕೆಂಬ ಯೋಚನೆ ಯೆಹೂದ್ಯ ಜ್ಞಾನಿಗಳಿಗೇ ಒಮ್ಮೆ ಬಂದಿತ್ತು ಎಂದು ತಾಲ್ಮೂದಿನ ಶಬ್ಬಾತ್ ಭಾಗದಲ್ಲಿ ಬರೆದಿದೆ. ಅದರೊಳಗಿನ ಮಾತುಗಳು ಒಂದಕ್ಕೊಂದು ಎದುರಾಡುತ್ತವೆ ಎಂಬುದೇ ಕಾರಣ. ಅದಕ್ಕೆ ಅವರು ಕೊಟ್ಟ ಉದಾಹರಣೆ ಇವೇ ಎರಡು ವಚನಗಳು. ಕೊನೆಗೆ ಅವರು ಪುಸ್ತಕವನ್ನು ತೆಗೆದಿಡಲಿಲ್ಲ. ಧರ್ಮಶಾಸ್ತ್ರದ ಮಾತು ಬಂದಾಗ ಉತ್ತರ ಕೊಡು, ಲೋಕದ ಮಾತಿಗೆ ಬೇಡ ಎಂದು ಬಿಡಿಸಿಕೊಂಡರು. ಜೊತೆಗೆ ಕೆಲವು ಪ್ರಸಂಗಗಳನ್ನೂ ಹೇಳಿದರು. ಗಮಲಿಯೇಲ ಎಂಬ ಗುರು, ಬರಲಿರುವ ಕಾಲದಲ್ಲಿ ಹೆಂಗಸರು ದಿನದಿನವೂ ಹೆರುತ್ತಾರೆ ಎಂದು ಬೋಧಿಸುತ್ತಿದ್ದಾಗ ಶಿಷ್ಯನೊಬ್ಬ ಗೇಲಿ ಮಾಡಿದ. ಗುರು ಸಿಟ್ಟಾಗದೆ ಅವನನ್ನು ಹೊರಗೆ ಕರೆದೊಯ್ದು ದಿನವೂ ಮೊಟ್ಟೆಯಿಡುವ ಕೋಳಿಯನ್ನು ತೋರಿಸಿದ. ಇನ್ನೊಬ್ಬ ಗುರುವಿನ ಹತ್ತಿರ ಯಾರೋ ಬಂದು ಅವನ ಹೆಂಡತಿ ಮಕ್ಕಳ ವಿಷಯದಲ್ಲಿ ಆಡಬಾರದ ಮಾತಾಡಿದ. ಆ ಮಾತಿಗೆ ಗುರು ಉತ್ತರವನ್ನೇ ಕೊಡಲಿಲ್ಲ.

ಆ ಜ್ಞಾನಿಗಳ ವಿಂಗಡಣೆಯನ್ನು ನಾನು ಗೌರವದಿಂದ ಓದಿದ್ದೇನೆ. ಆದರೆ ನನಗೆ ಹೆಚ್ಚು ಬೆಳಕು ಕಂಡದ್ದು ವಚನಗಳ ಎರಡನೇ ಅರ್ಧದಲ್ಲಿ. ಗೇಲಿ ಮಾಡುವವರು ಮೊದಲರ್ಧವನ್ನಷ್ಟೇ ಓದಿ ನಿಲ್ಲಿಸುತ್ತಾರೆ. ನಮ್ಮವರೂ ಅಲ್ಲೇ ನಿಲ್ಲುತ್ತಾರೆ ಎಂಬುದು ನನ್ನ ಸಂಕಟ. 4ನೇ ವಚನ ಬೇಡ ಎಂದು ಹೇಳಿ, ಉತ್ತರ ಕೊಡಹೋದರೆ ನೀನೂ ಅವನ ಹಾಗೇ ಆದೀಯೆ ಎಂದು ಎಚ್ಚರಿಸುತ್ತದೆ. 5ನೇ ವಚನ ಕೊಡು ಎಂದು ಹೇಳಿ, ಇಲ್ಲದಿದ್ದರೆ ಅವನು ತನ್ನನ್ನೇ ಬುದ್ಧಿವಂತ ಎಂದುಕೊಂಡಾನು ಎಂದು ಕಾರಣ ಕೊಡುತ್ತದೆ. ಮೊದಲನೆಯದರಲ್ಲಿ ಕೆಡುವವರು ನೀವು. ಎರಡನೆಯದರಲ್ಲಿ ಕೆಡುವವನು ಅವನು. ಒಂದೇ ಮಾತುಕತೆಯಲ್ಲಿ ಇಬ್ಬರಿಗೂ ಅಪಾಯವಿದೆ, ಯಾವ ಗಳಿಗೆಯಲ್ಲಿ ಯಾರದು ದೊಡ್ಡದು ಎಂಬುದನ್ನು ಅಲ್ಲಿ ನಿಂತವನೇ ನೋಡಬೇಕು. ಗ್ರಂಥಕರ್ತ ಮರೆತು ಎರಡನ್ನೂ ಬರೆದನೆಂದು ನಾನು ನಂಬಲಾರೆ. ಮರೆತವನು ಹತ್ತು ಅಧ್ಯಾಯ ದಾಟಿದ ಮೇಲೆ ತಪ್ಪುತ್ತಾನೆ, ಮರುಸಾಲಿನಲ್ಲಲ್ಲ. ಅಷ್ಟು ಹತ್ತಿರ ಇಟ್ಟಿರುವುದೇ ಒಂದನ್ನು ಓದಿದವನು ಇನ್ನೊಂದನ್ನು ಓದದೆ ದಾಟಬಾರದೆಂದು.

ಹಾಗಾದರೆ ಯಾವ ಹೊತ್ತಿಗೆ ಯಾವುದು? ನಿಯಮ ಕೊಡಿ ಎಂದು ನೀವು ಕೇಳುತ್ತೀರಿ. ನಿಯಮ ನನ್ನ ಹತ್ತಿರ ಇಲ್ಲ. ಇಷ್ಟು ವರ್ಷ ಸಭೆಯಲ್ಲಿ, ಸಂಬಂಧಿಕರಲ್ಲಿ, ನೆರೆಹೊರೆಯಲ್ಲಿ ಜನ ಮಾತಾಡುವುದನ್ನು ನೋಡಿ ನಾನು ಕಂಡುಕೊಂಡ ಒಂದು ಸಂಗತಿಯನ್ನು ಮಾತ್ರ ಹೇಳಬಲ್ಲೆ. ಮನಸ್ಸು ಕುದಿಯುತ್ತಿರುವಾಗ ನಮಗೆ 5ನೇ ವಚನ ನೆನಪಾಗುತ್ತದೆ. ಹೆದರಿದಾಗ, ಕೆಲಸ ಕೆಟ್ಟೀತು, ಹೆಸರು ಕೆಟ್ಟೀತು ಅನ್ನಿಸಿದಾಗ 4ನೇ ವಚನ ನೆನಪಾಗುತ್ತದೆ. ಎರಡು ಸಲವೂ ವಚನವನ್ನು ಆರಿಸುವುದು ನಮ್ಮ ಸಿಟ್ಟು ಅಥವಾ ನಮ್ಮ ಅಂಜಿಕೆ. ಆದ್ದರಿಂದ ಆ ಹೊತ್ತಿಗೆ ಯಾವ ವಚನ ನಿಮಗೆ ಹಿತವಾಗುವುದಿಲ್ಲವೋ ಅದನ್ನು ಮೊದಲು ಎರಡು ಸಲ ಓದಿ. ಆಮೇಲೂ ಮನಸ್ಸು ಮೊದಲಿನ ಕಡೆಗೇ ನಿಂತರೆ ಮುಂದೆ ಹೋಗಿ. ಜೊತೆಗೆ ಒಂದು ಪ್ರಶ್ನೆ ಕೇಳಿಕೊಳ್ಳಿ: ನಾನು ಕೊಡಹೊರಟ ಈ ಉತ್ತರ ಯಾರಿಗಾಗಿ? ಅವನಿಗಾಗಿಯೋ, ನೋಡುತ್ತಿರುವವರ ಮುಂದೆ ನನ್ನ ಮಾನ ಉಳಿಸಿಕೊಳ್ಳುವುದಕ್ಕೋ?

ಸತ್ಯವೇದದಲ್ಲಿ ಇದರ ದೃಷ್ಟಾಂತ ಬೇಕಾದಷ್ಟಿದೆ. ನನಗೆ ತುಂಬಾ ಕಾಡಿದ್ದು ನ್ಯಾಯಸ್ಥಾಪಕರ ಪುಸ್ತಕದ ಎರಡು ಅಧ್ಯಾಯಗಳು. ಗಿದ್ಯೋನ 300 ಜನರನ್ನು ಕಟ್ಟಿಕೊಂಡು ಮಿದ್ಯಾನ್ಯರನ್ನು ಓಡಿಸಿದ. ಗೆಲುವಿನ ದಣಿವು ಇನ್ನೂ ಆರಿರಲಿಲ್ಲ, ಎಫ್ರಾಯೀಮ್ಯರು ಬಂದು ಜಗಳ ತೆಗೆದರು: ಯುದ್ಧಕ್ಕೆ ಹೊರಟಾಗ ನಮ್ಮನ್ನೇಕೆ ಕರೆಯಲಿಲ್ಲ? ಕೆಲಸ ಮುಗಿದ ಮೇಲೆ ಬಂದು ಮೀಸೆ ತಿರುವುವವರ ಮಾತು ಇದು. ಗಿದ್ಯೋನನಿಗೆ ತಿರುಗಿಸಿ ಹೇಳಲು ಏನೂ ಇರಲಿಲ್ಲವೇ? ಆದರೂ ಅವನು, ಶತ್ರುವಿನ ಸರದಾರರನ್ನು ಹಿಡಿದವರು ನೀವಲ್ಲವೇ, ನಿಮ್ಮ ಹಕ್ಕಲು ದ್ರಾಕ್ಷಿಯ ಮುಂದೆ ನಮ್ಮ ಮನೆತನದ ಸುಗ್ಗಿಯೆಲ್ಲ ಯಾವ ಲೆಕ್ಕ ಎಂಬರ್ಥದಲ್ಲಿ ಮಾತಾಡಿದ. ಅವರ ಸಿಟ್ಟು ಇಳಿಯಿತು. ಇದು 8ನೇ ಅಧ್ಯಾಯ.

12ನೇ ಅಧ್ಯಾಯಕ್ಕೆ ಬನ್ನಿ. ಅದೇ ಎಫ್ರಾಯೀಮ್ಯರು, ಅದೇ ತಕರಾರು. ಈ ಸಲ ಎದುರಿಗಿರುವವನು ಗಿಲ್ಯಾದಿನ ಯೆಫ್ತಾಹ. ಅವನ ಮನೆಗೇ ಬೆಂಕಿಯಿಡುತ್ತೇವೆ ಎಂದು ಬೆದರಿಸಿದರು. ಯೆಫ್ತಾಹ ಕೊಟ್ಟ ಉತ್ತರ ಸುಳ್ಳೆಂದು ಗ್ರಂಥ ಎಲ್ಲೂ ಹೇಳುವುದಿಲ್ಲ. ನಾನು ಕರೆದಾಗ ನೀವು ಬರಲಿಲ್ಲ, ಜೀವ ಕೈಯಲ್ಲಿ ಹಿಡಿದು ನಾನೇ ಹೋದೆ ಎಂದ. ಬಳಿಕ ಜನ ಕೂಡಿಸಿ ಹೊಡೆದಾಟಕ್ಕೆ ನಿಂತ. ಅವನ ಜನ ಯೊರ್ದನಿನ ಹಾಯ್ಗಡಗಳಲ್ಲಿ ಕಾದು ನಿಂತು, ಉಚ್ಚಾರಣೆಯಿಂದ ಎಫ್ರಾಯೀಮ್ಯರನ್ನು ಗುರುತು ಹಿಡಿದು ಕೊಂದರು. ಸತ್ತವರು 42,000 ಎಂದು ಬರೆದಿದೆ. ಒಂದೇ ದೇವರ ಜನ, ಒಂದೇ ರಕ್ತ. ಇದರಲ್ಲಿ ನನ್ನ ಎದೆ ಒಡೆಯುವ ಸಂಗತಿ ಇನ್ನೊಂದಿದೆ. ಹಿಂದಿನ ಅಧ್ಯಾಯದಲ್ಲಿ ಇದೇ ಯೆಫ್ತಾಹ ಅಮ್ಮೋನಿಯರ ಅರಸನಿಗೆ ಎರಡು ಸಲ ದೂತರನ್ನು ಕಳಿಸಿದ್ದ. 300 ವರ್ಷದ ಹಿಂದಿನಿಂದ ಯಾವ ನೆಲ ಯಾರದು ಎಂದು ಸಾವಧಾನವಾಗಿ ವಿವರಿಸಿದ್ದ. ಪರದೇಶದ ವೈರಿಗೆ ಅಷ್ಟು ತಾಳ್ಮೆಯಿಂದ ಉತ್ತರ ಹೇಳಿದವನಿಗೆ ಒಡಹುಟ್ಟಿದ ಕುಲದವರ ಮುಂದೆ ಆ ತಾಳ್ಮೆ ಉಳಿಯಲಿಲ್ಲ.

ನಿಮ್ಮನ್ನು ನೋಡಿಯೇ ಇದನ್ನು ಬರೆಯುತ್ತಿದ್ದೇನೆ. ಆಫೀಸಿನಲ್ಲಿ ಗಿರಾಕಿ ಬೈದರೂ ‘ಸರ್, ಸರ್’ ಎಂದು ಸಮಾಧಾನ ಹೇಳುವ ಹುಡುಗ, ಮನೆಗೆ ಬಂದು ಅಮ್ಮ ಇನ್ನೊಂದು ಸಲ ಊಟಕ್ಕೆ ಕರೆದರೆ ಸಿಡುಕುತ್ತಾನೆ. ಸಭೆಯ ಲೆಕ್ಕಪತ್ರದ ಮೇಲೆ ಅಣ್ಣ ತಮ್ಮಂದಿರಂಥವರು ವರ್ಷಗಟ್ಟಲೆ ಮಾತು ಬಿಟ್ಟದ್ದನ್ನು ನಾನು ಕಂಡಿದ್ದೇನೆ. ಇಬ್ಬರ ಹತ್ತಿರವೂ ಸತ್ಯವೇದದ ವಚನಗಳಿದ್ದವು. ನ್ಯಾಯ ನಿಮ್ಮ ಕಡೆಗಿರುವುದು ಒಂದು, ಆ ನ್ಯಾಯವನ್ನು ಈಗಲೇ ಈ ಬಾಯಿಂದಲೇ ಆಡಬೇಕು ಎಂಬುದು ಬೇರೆಯೇ. ಸೊಲೊಮೋನನ ಮಗ ರೆಹಬ್ಬಾಮನಿಗೆ ಶೆಕೆಮಿನಲ್ಲಿ ಜನ ಭಾರ ಇಳಿಸೆಂದು ಬೇಡಿದಾಗ ಹಿರಿಯರು ಮೆತ್ತಗಿನ ಉತ್ತರ ಕೊಡು ಎಂದಿದ್ದರು. ಜೊತೆಗೆ ಬೆಳೆದ ಗೆಳೆಯರು ಗಡುಸಾಗಿ ಹೇಳು ಎಂದರು. ಅವನು ಗೆಳೆಯರ ಮಾತು ಕೇಳಿದ, ರಾಜ್ಯ ಎರಡಾಯಿತು. ಹಿರಿಯನಾಗಿ ನಾನು ಈ ಕಥೆಯನ್ನು ಹೆಚ್ಚು ಹಿಗ್ಗಿಸಿ ಹೇಳಿದರೆ ಸರಿ ಕಾಣದು, ನೀವೇ 1 ಅರಸುಗಳು 12ನೇ ಅಧ್ಯಾಯ ಓದಿ.

ಇನ್ನು ಯೇಸುಸ್ವಾಮಿಯ ವಿಷಯ. ಅವರ ನಡೆಯಲ್ಲೇ ವಿರೋಧವಿದೆ ಎಂದು ಹೇಳುವವರಿದ್ದಾರೆ, ಆ ಮಾತಿಗೆ ಆಧಾರವೂ ಇದೆ. ಬೆಟ್ಟದ ಮೇಲಿನ ಪ್ರಸಂಗದಲ್ಲಿ, ಒಂದು ಕೆನ್ನೆಗೆ ಹೊಡೆದವನಿಗೆ ಇನ್ನೊಂದನ್ನೂ ಒಡ್ಡಲು ಕಲಿಸಿದವರು ಅವರೇ. ಆದರೆ ಅವರನ್ನು ಹಿಡಿದು ತಂದ ರಾತ್ರಿ, ಅನ್ನನ ಮುಂದೆ ವಿಚಾರಣೆ ನಡೆಯುವಾಗ ಓಲೇಕಾರನೊಬ್ಬ ಅವರ ಕೆನ್ನೆಗೆ ಹೊಡೆದ. ಅವರು ಇನ್ನೊಂದು ಕೆನ್ನೆಯನ್ನು ಒಡ್ಡಿದರೆಂದು ಯೋಹಾನ ಬರೆದಿಲ್ಲ. ನಾನು ತಪ್ಪಾಡಿದ್ದರೆ ಅದನ್ನು ತೋರಿಸು, ಸರಿಯಾಡಿದ್ದರೆ ಹೊಡೆದದ್ದೇಕೆ ಎಂದು ಅವನನ್ನು ಕೇಳಿದರೆಂದು ಬರೆದಿದ್ದಾನೆ. 5ನೇ ಶತಮಾನದ ಆರಂಭದಲ್ಲಿ ಹಿಪ್ಪೋದ ಬಿಷಪ್ ಆಗಸ್ಟಿನ್ ಒಬ್ಬ ಅಧಿಕಾರಿಗೆ ಬರೆದ ಕಾಗದದಲ್ಲಿ ಈ ತೊಡಕನ್ನೇ ಎತ್ತಿಕೊಂಡಿದ್ದಾರೆ. ಅವರ ತಿಳಿವಳಿಕೆ ಹೀಗೆ: ಆ ಕಟ್ಟಳೆ ಮೊದಲು ಹೃದಯದ ಸಿದ್ಧತೆಗೆ ಸಂಬಂಧಿಸಿದ್ದು, ಹೊರಗಿನ ನಡೆ ಎದುರಿಗಿರುವವನ ಹಿತಕ್ಕೆ ತಕ್ಕಂತೆ ಬೇರೆಯಾಗಬಹುದು. ಕೆನ್ನೆಯೇನು, ಇಡೀ ದೇಹವನ್ನೇ ಒಪ್ಪಿಸಲು ಸಿದ್ಧರಾಗಿದ್ದವರು ಆ ಪ್ರಶ್ನೆ ಕೇಳಿದ್ದು. ಆ ಓಲೇಕಾರನನ್ನು ಸ್ವಲ್ಪ ನೆನೆಯಿರಿ. ಯಜಮಾನನ ಮುಂದೆ ನಿಷ್ಠೆ ತೋರಿಸಲು ಕೈಯೆತ್ತಿದ ಆಳು ಅವನು. ಆ ರಾತ್ರಿ ಅವನನ್ನು ಮನುಷ್ಯನೆಂದು ಎಣಿಸಿ, ಯೋಚಿಸಿ ಹೇಳು ಎಂದವರು ಸ್ವಾಮಿ ಒಬ್ಬರೇ.

ಅದೇ ಹೊತ್ತಿನ ಆಚೆ ಈಚೆ ಹೆರೋದನ ಮುಂದೆ ಏನಾಯಿತು? ಲೂಕ ಹೇಳುವಂತೆ ಹೆರೋದನಿಗೆ ಬಹುದಿನಗಳಿಂದ ಯೇಸುವನ್ನು ನೋಡುವ ಆಸೆ. ಏನಾದರೂ ಅದ್ಭುತ ಮಾಡಿ ತೋರಿಸಿಯಾರು ಎಂದು ಕಾದಿದ್ದ, ಪ್ರಶ್ನೆಯ ಮೇಲೆ ಪ್ರಶ್ನೆ ಹಾಕಿದ. ಒಂದಕ್ಕೂ ಉತ್ತರ ಸಿಗಲಿಲ್ಲ. ಸ್ನಾನಿಕ ಯೋಹಾನನ ತಲೆ ತೆಗೆಸಿದವನಿಗೆ ಬೇಕಾಗಿದ್ದದ್ದು ಮೋಜು. ಕಪಾಳಕ್ಕೆ ಹೊಡೆದ ಆಳಿಗೆ ಸಿಕ್ಕ ಮಾತು ಸಿಂಹಾಸನದ ಮೇಲಿದ್ದವನಿಗೆ ಸಿಗಲಿಲ್ಲ. ಪಿಲಾತನ ಹತ್ತಿರವಂತೂ ಒಂದೇ ವಿಚಾರಣೆಯಲ್ಲಿ ಎರಡೂ ಇವೆ: ರಾಜ್ಯದ ಬಗ್ಗೆ, ಸತ್ಯದ ಬಗ್ಗೆ ಸ್ವಾಮಿ ಅವನೊಡನೆ ಮಾತಾಡಿದರು. ಅವನು ಅವರಲ್ಲಿ ಅಪರಾಧ ಕಾಣದೆಯೂ ಕೊರಡೆಯಿಂದ ಹೊಡೆಸಿದ. ಆಮೇಲೆ ನೀನು ಎಲ್ಲಿಯವನು ಎಂದು ಕೇಳಿದಾಗ ಸುಮ್ಮನಿದ್ದರು. ಅವನು ತನ್ನ ಅಧಿಕಾರದ ಮಾತು ತೆಗೆದಾಗ ಮತ್ತೆ ಬಾಯಿ ತೆರೆದರು. ಇಲ್ಲಿ ಮೌನವೂ ಒಂದು ನಿಯಮದಿಂದ ಬಂದದ್ದಲ್ಲ. ಪ್ರತಿ ಸಲವೂ ಅವರ ಕಣ್ಣು ಎದುರಿಗೆ ನಿಂತವನ ಮೇಲಿದೆ. ಇವನು ಈಗ ಕೇಳಿಸಿಕೊಳ್ಳಬಲ್ಲನೇ, ಈ ಮಾತಿನಿಂದ ಇವನಿಗೆ ಒಂದು ಬಾಗಿಲಾದರೂ ತೆರೆದೀತೇ ಎಂಬುದನ್ನು ಅವರು ನೋಡುತ್ತಿದ್ದರೆಂದು ನಾನು ಓದಿಕೊಂಡಿದ್ದೇನೆ.

ಪೇತ್ರನ ಮೊದಲನೇ ಪತ್ರಿಕೆಯ 3ನೇ ಅಧ್ಯಾಯವನ್ನು ನಿಮ್ಮಲ್ಲಿ ಬಹಳ ಜನ ಬಾಯಿಪಾಠ ಮಾಡಿದ್ದೀರಿ, 15ನೇ ವಚನವನ್ನು ಮಾತ್ರ. ನಿಮ್ಮ ನಿರೀಕ್ಷೆಗೆ ಕಾರಣವೇನೆಂದು ಕೇಳುವವರಿಗೆ ಉತ್ತರ ಕೊಡಲು ಯಾವಾಗಲೂ ಸಿದ್ಧರಾಗಿರಿ ಎಂಬ ತಾತ್ಪರ್ಯದ್ದು. ಅದೇ ಅಧ್ಯಾಯದ ಮೊದಲನೇ ವಚನ ಓದಿದ್ದೀರಾ? ನಂಬದ ಗಂಡಂದಿರನ್ನು ಹೆಂಡಂದಿರು ಮಾತೇ ಇಲ್ಲದೆ, ನಡತೆಯಿಂದಲೇ ಗೆಲ್ಲಬಹುದು ಎಂದು ಅಲ್ಲಿದೆ. ಒಂದು ಪುಟದೊಳಗೆ ಮಾತಿಲ್ಲದ ಸಾಕ್ಷಿಯೂ ಇದೆ, ಮಾತಿನ ಸಾಕ್ಷಿಯೂ ಇದೆ. 15ನೇ ವಚನ ಕೂಡ ಕೇಳುವವರಿಗೆ ಎನ್ನುತ್ತದೆ. ಕೇಳದವರ ಕಿವಿ ಹಿಡಿದು ಹೇಳು ಎಂದಿಲ್ಲ. ಸಾಧುತ್ವ ಮತ್ತು ಮರ್ಯಾದೆ ಇರಲಿ ಎಂಬ ಮಾತನ್ನೂ ಅಲ್ಲೇ ಸೇರಿಸಿದೆ. ಇದನ್ನು ಬರೆಯುವಾಗ ಪೇತ್ರನಿಗೆ ಮಹಾಯಾಜಕನ ಅಂಗಳದ ಇದ್ದಲ ಬೆಂಕಿ ನೆನಪಾಗಿರದೆ ಇದ್ದೀತೇ? ಕಾವಲಿನ ಹುಡುಗಿಯೊಬ್ಬಳು ನೀನೂ ಅವನ ಶಿಷ್ಯನಲ್ಲವೇ ಎಂದು ಸುಮ್ಮನೆ ಕೇಳಿದ್ದಳು. ಕೆಲವೇ ಹೊತ್ತಿನ ಹಿಂದೆ ತೋಟದಲ್ಲಿ ಕತ್ತಿ ಹಿರಿದು ಆಳಿನ ಕಿವಿ ಕತ್ತರಿಸಿದ್ದ ಮನುಷ್ಯನಿಗೆ ಒಂದು ಹೌದು ಹೇಳಲು ಬಾಯಿ ಬರಲಿಲ್ಲ. ಸುಮ್ಮನಿರಬೇಕಾದಲ್ಲಿ ಕತ್ತಿ, ಮಾತಾಡಬೇಕಾದಲ್ಲಿ ಸುಳ್ಳು. ಎರಡೂ ಒಂದೇ ರಾತ್ರಿ, ಒಬ್ಬನೇ ಮನುಷ್ಯನಿಂದ. ಸಾಧುತ್ವದಿಂದ ಉತ್ತರ ಕೊಡಿ ಎಂದು ಹೇಳುವ ಹಕ್ಕು ಅವನಿಗಿಂತ ಯಾರಿಗೆ ಹೆಚ್ಚು?

ಪೌಲನೂ ಹಾಗೆಯೇ. ಯೆರೂಸಲೇಮಿನ ಹಿರೀಸಭೆಯಲ್ಲಿ ಅವನ ಬಾಯಿಯ ಮೇಲೆ ಹೊಡೆಯಲು ಅಪ್ಪಣೆಯಾದಾಗ ಸುಣ್ಣ ಬಳಿದ ಗೋಡೆ ಎಂದು ಕಿಡಿಕಾರಿದ. ಅಪ್ಪಣೆ ಮಾಡಿದವನು ಮಹಾಯಾಜಕನೆಂದು ತಿಳಿದ ಕೂಡಲೇ ಎಲ್ಲರ ಮುಂದೆ ತಗ್ಗಿದ. ಮುಂದೆ ಕೈಸರೈಯದಲ್ಲಿ ರಾಜ್ಯಪಾಲ ಫೆಸ್ತ, ನಿನಗೆ ಹುಚ್ಚು ಹಿಡಿದಿದೆ ಎಂದು ಕೂಗಿದಾಗ ಧ್ವನಿ ಏರಿಸದೆ, ಮರ್ಯಾದೆಯಿಂದಲೇ ಹುಚ್ಚಲ್ಲ ಎಂದ.

ಈಗ ನಿಮ್ಮ ಕೈಯಲ್ಲಿರುವ ಫೋನಿಗೆ ಬರುತ್ತೇನೆ. ಕ್ರಿಸ್ತಪೂರ್ವ 701ರಲ್ಲಿ ಅಶ್ಶೂರದ ಅರಸ ಸನ್ಹೇರೀಬನ ಸೈನ್ಯ ಯೆಹೂದಕ್ಕೆ ನುಗ್ಗಿತು. ಅವನ ಅಧಿಕಾರಿ ರಬ್ಷಾಕೆ ಯೆರೂಸಲೇಮಿನ ಗೋಡೆಯ ಕೆಳಗೆ ನಿಂತು, ಮೇಲೆ ಕೂತ ಸಾಮಾನ್ಯ ಜನರಿಗೂ ಕೇಳಲೆಂದು ಅವರದೇ ಭಾಷೆಯಲ್ಲಿ ಅವರ ಅರಸನನ್ನೂ ದೇವರನ್ನೂ ಹೀಯಾಳಿಸಿದ. ಅರಸ ಹಿಜ್ಕೀಯನ ಅಪ್ಪಣೆ ಒಂದೇ: ಯಾರೂ ಉತ್ತರ ಕೊಡಬಾರದು. ಜನ ಸುಮ್ಮನಿದ್ದರು. ಮುಂದೆ ಬೆದರಿಕೆಯ ಕಾಗದ ಬಂದಾಗ ಹಿಜ್ಕೀಯ ಅದನ್ನು ಓದಿ, ದೇವಾಲಯಕ್ಕೆ ಒಯ್ದು, ಕರ್ತನ ಮುಂದೆ ಬಿಡಿಸಿ ಹಾಸಿ ಪ್ರಾರ್ಥಿಸಿದ. ಸುರುಳಿಯನ್ನು ಎರಡು ಕೈಯಿಂದ ಬಿಡಿಸಿ ನೆಲದ ಮೇಲೆ ಹಾಸುವ ಅರಸನ ಚಿತ್ರ ನಿಮ್ಮ ಕಣ್ಣಿಗೆ ಕಟ್ಟಲಿ. ವಾಟ್ಸಾಪ್ ಗುಂಪಿನಲ್ಲಿ ನಮ್ಮ ನಂಬಿಕೆಯನ್ನು ಹೀಯಾಳಿಸುವ ಸಂದೇಶ ಬಂದ ಅರೆಗಳಿಗೆಯಲ್ಲಿ ನೀವು ಬೆರಳಾಡಿಸುವುದನ್ನು ಕಂಡಾಗಲೆಲ್ಲ ನನಗೆ ಆ ಕಾಗದ ನೆನಪಾಗುತ್ತದೆ. ಆ ಸಂದೇಶವನ್ನು ಒಂದು ರಾತ್ರಿ ದೇವರ ಮುಂದೆ ಇಡಿ. ಬೆಳಿಗ್ಗೆ ನೀವು ಬರೆಯುವುದು ಅರ್ಧಕ್ಕರ್ಧ ಚಿಕ್ಕದಾಗಿರುತ್ತದೆ, ಎಷ್ಟೋ ಸಲ ಬರೆಯುವುದೇ ಬೇಡವಾಗಿರುತ್ತದೆ. ಬರೆಯಲೇಬೇಕಾದರೆ ನೆಹೆಮೀಯನನ್ನು ನೋಡಿ. ಗೋಡೆ ಕಟ್ಟುತ್ತಿದ್ದವನ ಮೇಲೆ ಸನ್ಬಲ್ಲಟ ರಾಜದ್ರೋಹದ ಪುಕಾರು ಹಬ್ಬಿಸಿ, ಊರಿಗೆಲ್ಲ ತಿಳಿಯಲೆಂದು ಮುಚ್ಚದ ಕಾಗದ ಕಳಿಸಿದ. ಇದರಲ್ಲಿ ಒಂದೂ ನಡೆದಿಲ್ಲ, ಎಲ್ಲ ನಿನ್ನ ಮನಸ್ಸಿನ ಕಲ್ಪನೆ ಎಂದಷ್ಟೇ ಹೇಳಿಕಳಿಸಿ ಅವನು ತನ್ನ ಗೋಡೆಯ ಕೆಲಸಕ್ಕೆ ಹಿಂತಿರುಗಿದ.

ವಾದಕ್ಕೆ ವಾದ ಕೊಟ್ಟು ಗೆಲ್ಲುವ ಆಸೆ ನಮ್ಮ ಹಿಂದಿನವರಿಗೂ ಇತ್ತು. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ನಿನವರು ತರಬೇತಾದ ಬಾಸೆಲಿನಲ್ಲೇ ಕಲಿತ ಕಾರ್ಲ್ ಫಾಂಡರ್ ಎಂಬ ಮಿಷನರಿ, 1854ರ ಏಪ್ರಿಲ್‌ನಲ್ಲಿ ಆಗ್ರಾದಲ್ಲಿ ಮೌಲಾನಾ ರಹಮತುಲ್ಲಾ ಕೈರಾನವಿ ಅವರೊಡನೆ ಬಹಿರಂಗ ವಾದಕ್ಕೆ ಕೂತರು. ಫಾಂಡರ್ ಪಂಡಿತರೇ, ಪುಸ್ತಕ ಬರೆದವರು. ಆದರೆ ಯುರೋಪಿನ ವಿದ್ವಾಂಸರೇ ಸತ್ಯವೇದದ ಪ್ರತಿಗಳಲ್ಲಿ ಕಂಡ ಪಾಠಭೇದಗಳ ಬಗ್ಗೆ ಬರೆದದ್ದನ್ನೆಲ್ಲ ಎದುರಿನವರು ಓದಿಕೊಂಡು ಬಂದಿದ್ದರು, ಅದಕ್ಕೆ ಫಾಂಡರ್ ಸಿದ್ಧರಿರಲಿಲ್ಲ. ಎರಡು ದಿನ ನಡೆದ ವಾದ ಗ್ರಂಥದ ಪಾಠದ ಪ್ರಶ್ನೆಯಲ್ಲೇ ಸಿಕ್ಕಿ ನಿಂತುಹೋಯಿತು. ತಾವೇ ಗೆದ್ದೆವೆಂದು ಎರಡೂ ಕಡೆಯವರು ಹೇಳಿಕೊಂಡರು. ಮುಂದೆ 1907ರಲ್ಲಿ ಭಾರತಕ್ಕೆ ಬಂದ ಸ್ಟ್ಯಾನ್ಲಿ ಜೋನ್ಸ್ ಎಂಬ ಮಿಷನರಿ ಬೇರೆ ದಾರಿ ಹಿಡಿದರು. ಹಿಂದೂಗಳು, ಮುಸಲ್ಮಾನರು, ಕ್ರೈಸ್ತರು, ಯಾವುದನ್ನೂ ನಂಬದವರು, ಎಲ್ಲರನ್ನೂ ಒಂದೇ ಸುತ್ತಿನಲ್ಲಿ ಕೂರಿಸಿ, ವಾದ ಬೇಡ, ನಿಮ್ಮ ನಂಬಿಕೆ ನಿಮ್ಮ ಬಾಳಿನಲ್ಲಿ ಏನು ಮಾಡಿದೆ ಎಂಬುದನ್ನು ಮಾತ್ರ ಹೇಳಿ ಎಂದರು. ಆ ಅನುಭವವನ್ನು 1928ರಲ್ಲಿ ಪುಸ್ತಕವಾಗಿಯೂ ತಂದರು. ಅವರ ದಾರಿಯೇ ಎಲ್ಲ ಕಾಲಕ್ಕೂ ಸರಿ ಎಂದು ನಾನು ಹೇಳುವುದಿಲ್ಲ. ಫಾಂಡರರಂಥವರು ಓದಿಕೊಂಡು ನಿಲ್ಲಬೇಕಾದ ಹೊತ್ತೂ ಇದೆ. ಓದದೆ ವಾದಕ್ಕೆ ಇಳಿಯುವ ನಿಮ್ಮ ಪೈಕಿಯವರನ್ನು ಕಂಡಾಗ ಓದಿಕೊಳ್ಳಿ ಎಂದೇ ಬೇಡಿಕೊಳ್ಳುತ್ತೇನೆ. ಆದರೆ ನಿಮ್ಮ ವಯಸ್ಸಿನಲ್ಲಿ, ನಿಮ್ಮ ಹಾಸ್ಟೆಲಿನಲ್ಲಿ, ರಾತ್ರಿ ಊಟದ ಮೇಲೆ ನಡೆಯುವ ಮಾತಿಗೆ ಜೋನ್ಸರ ಸುತ್ತೇ ಹೆಚ್ಚು ಒಗ್ಗುತ್ತದೆ.

ಉತ್ತರವೇ ಸಲ್ಲದ ಜಾಗ ಒಂದಿದೆ, ಸಾವಿನ ಮನೆ. ನಮ್ಮ ಬೀದಿಯಲ್ಲಿ ಎದೆಯೆತ್ತರದ ಮಗನನ್ನು ಕಳೆದುಕೊಂಡ ತಾಯಿ, ಬಂದವರನ್ನೆಲ್ಲ ಯಾಕೆ ಹೀಗಾಯಿತು ಎಂದು ಕೇಳುತ್ತಿದ್ದರು. ಒಬ್ಬರು ದೇವರ ಚಿತ್ತ ಎಂದರು. ಇನ್ನೊಬ್ಬರು ಒಳ್ಳೆಯವರನ್ನು ದೇವರು ಬೇಗ ಕರೆದುಕೊಳ್ಳುತ್ತಾನೆ ಎಂದರು. ಪ್ರತಿ ಉತ್ತರಕ್ಕೂ ಆ ತಾಯಿ ಇನ್ನಷ್ಟು ಮುದುಡುತ್ತಿದ್ದರು. ಸಭೆಯ ಒಬ್ಬ ಅಜ್ಜಿ ಸ್ಟೀಲ್ ಲೋಟದಲ್ಲಿ ಗಂಜಿ ತಂದು ಪಕ್ಕದಲ್ಲಿ ಕೂತರು. ಕುಡಿ ಎಂದೂ ಹೇಳಲಿಲ್ಲ. ಗಂಜಿ ಆರಿ ಮೇಲೆ ಪದರಗಟ್ಟಿತು. ಎದ್ದು ಹೋಗಿ ಬಿಸಿ ಮಾಡಿ ತಂದರು. ಮತ್ತೆ ಆರಿತು, ಮತ್ತೆ ಬಿಸಿ ಮಾಡಿದರು. ಮೂರನೇ ಸಲಕ್ಕೆ ಆ ತಾಯಿ ಲೋಟಕ್ಕೆ ಕೈ ಚಾಚಿದರು. ಯೋಬನ ಗೆಳೆಯರೂ ಮೊದಲು ಹೀಗೇ ಮಾಡಿದ್ದರು: ಏಳು ಹಗಲು ಏಳು ರಾತ್ರಿ ಅವನ ಜೊತೆ ನೆಲದ ಮೇಲೆ ಮಾತಿಲ್ಲದೆ ಕೂತಿದ್ದರು. ಅವರು ಕೆಟ್ಟದ್ದು ಬಾಯಿ ತೆರೆದ ಮೇಲೆ. ಪುಸ್ತಕದ ಕೊನೆಗೆ ದೇವರು ಸಿಟ್ಟಾದದ್ದು ತನ್ನನ್ನೇ ಪ್ರಶ್ನಿಸಿ ಕೂಗಾಡಿದ ಯೋಬನ ಮೇಲಲ್ಲ, ದೇವರ ಪರವಾಗಿ ಅಚ್ಚುಕಟ್ಟಾದ ಉತ್ತರಗಳನ್ನು ಕೊಟ್ಟ ಆ ಮೂವರ ಮೇಲೆ.

ಇನ್ನು, ಕಾಲೇಜಿನ ಆ ಗೆಳೆಯನ ವಿಷಯ. 4ನೇ ವಚನವೋ 5ನೇ ವಚನವೋ ಎಂದು ತೂಗುವ ಮೊದಲು ಅವನನ್ನು ಮೂಢ ಎಂದು ತೀರ್ಮಾನಿಸಿದವರು ಯಾರು? ಸಹೋದರನನ್ನು ಮೂರ್ಖ ಎಂದು ಕರೆಯುವವನಿಗೆ ಯೇಸುಸ್ವಾಮಿ ಕೊಟ್ಟ ಎಚ್ಚರಿಕೆ ಮತ್ತಾಯ 5ರಲ್ಲಿದೆ, ಅದನ್ನು ಓದಿ ನಡುಗಿ. ಜ್ಞಾನೋಕ್ತಿಗಳ ಅದೇ 26ನೇ ಅಧ್ಯಾಯವನ್ನು 12ನೇ ವಚನದವರೆಗೆ ಓದಿದರೆ, ತನ್ನನ್ನು ತಾನೇ ಜಾಣನೆಂದುಕೊಂಡವನಿಗಿಂತ ಮೂಢನ ವಿಷಯದಲ್ಲೇ ಹೆಚ್ಚು ಭರವಸೆ ಇಡಬಹುದು ಎಂದಿದೆ. ಮೂಢನಿಗೆ ಉತ್ತರ ಕೊಡುವ ಬಗೆಯನ್ನು ಕಲಿಸುತ್ತಾ ಬಂದ ಅಧ್ಯಾಯ ಅಲ್ಲಿಗೆ ಬರುವಷ್ಟರಲ್ಲಿ ಉತ್ತರ ಕೊಡುವವನ ಕಡೆಗೇ ತಿರುಗಿರುತ್ತದೆ. ಆ ಹುಡುಗ ಕೇಳಿದ್ದು ತಾಲ್ಮೂದಿನ ಜ್ಞಾನಿಗಳು ಕೇಳಿದ ಪ್ರಶ್ನೆಯನ್ನೇ. ನಗುತ್ತಾ ಕೇಳಿದ್ದರೂ ಗ್ರಂಥ ತೆರೆದು ನೋಡಿದ್ದಾನೆ, ನಮ್ಮಲ್ಲಿ ಎಷ್ಟು ಜನ ಅಷ್ಟು ಗಮನವಿಟ್ಟು ಓದುತ್ತೇವೆ? ಅವನಿಗೆ ಪೇತ್ರ ಹೇಳಿದ ಸಾಧುತ್ವದ ಉತ್ತರ ಸಲ್ಲಬೇಕು. ಎರಡು ವಚನಗಳ ಎರಡನೇ ಅರ್ಧವನ್ನು ಅವನ ಜೊತೆ ಕೂತು ಓದಿ, ನಿಮಗೆ ತೋಚಿದ್ದನ್ನು ಹೇಳಿ, ಅವನಿಗೆ ತೋಚಿದ್ದನ್ನೂ ಕೇಳಿ. ಒಪ್ಪದಿದ್ದರೆ ಬಿಡಿ. ಸ್ನೇಹ ಮಾತ್ರ ಬಿಡಬೇಡಿ.

ಕೊನೆಯದಾಗಿ, ಇಷ್ಟೆಲ್ಲ ಓದಿದ ಮೇಲೆ ಬಾಯಿ ಮುಚ್ಚಿಕೊಂಡಿರುವುದೇ ಕ್ರೈಸ್ತ ಗುಣ ಎಂದು ನೀವು ತಿಳಿದರೆ ನನ್ನ ಶ್ರಮ ವ್ಯರ್ಥ. ಮೇಲೆ ಹೇಳಿದ ಮೌನವೆಲ್ಲ ನಮ್ಮ ಮೇಲೆ ಬಂದ ಮಾತಿಗೆ. ಇನ್ನೊಬ್ಬನ ಮೇಲೆ ಬಂದ ಮಾತಿಗೆ ಅದು ಸಲ್ಲದು. ಬಾಯಿಲ್ಲದವರ ಪರವಾಗಿ ಬಾಯಿ ತೆರೆ ಎಂಬ ಅಪ್ಪಣೆಯೂ ಅದೇ ಜ್ಞಾನೋಕ್ತಿಗಳ 31ನೇ ಅಧ್ಯಾಯದಲ್ಲಿದೆ, ಅರಸನಿಗೆ ಅವನ ತಾಯಿ ಕಲಿಸಿದ ಪಾಠವಾಗಿ. ಕ್ಯಾಂಟೀನಿನ ಮೇಜಿನ ಸುತ್ತ ಕೂತಿರುವಾಗ ಯಾರೋ ಒಬ್ಬ ಹುಡುಗನ ಜಾತಿಯನ್ನೋ, ಹುಡುಗಿಯ ಬಣ್ಣವನ್ನೋ, ಸಾಬರ ಹುಡುಗನ ನಮಾಜನ್ನೋ ಎತ್ತಿ ನಗಾಡುತ್ತಾರೆ. ಆಗ ನಿಮ್ಮ ಉತ್ತರ ನಗಾಡಿದವನಿಗಾಗಿ ಎಂಬುದಕ್ಕಿಂತ, ತಲೆತಗ್ಗಿಸಿ ತಟ್ಟೆ ನೋಡುತ್ತಾ ಕೂತವನಿಗಾಗಿ. ನಿಮ್ಮ ಮೌನವೂ ಅವನ ಕಿವಿಗೆ ಬೀಳುತ್ತದೆ. ರಾತ್ರಿ ಅವನ ಕೋಣೆಗೆ ಹೋಗಿ ಬೇಜಾರಾಗಬೇಡ ಎಂದು ಬೆನ್ನು ತಟ್ಟುವುದು ಸಾಲದು. ಆ ಮೇಜಿನ ಬಳಿಯೇ, ಅವನೆದುರಿಗೇ, ಎಲ್ಲರಿಗೂ ಕೇಳುವಷ್ಟು ಧ್ವನಿಯಲ್ಲಿ, ಬೈಗುಳವಿಲ್ಲದೆ, ಇದು ಸರಿಯಲ್ಲ ಎಂದು ಹೇಳಿ.